ಲಿಯಾಖತ್ ಭಾಯಿಯ ವ್ಯಾನಿಗೆ ಹಾಕಿಸಿದ ಇಂಜಿನ್ನು

ಲಿಯಾಖತ್ ಭಾಯಿ ಇಪ್ಪತ್ತೊಂದು ವರ್ಷದಿಂದ ಮಲಗಿರುವ ಹುಳುಗಳನ್ನು ವ್ಯಾನಿನಲ್ಲಿ ಸಾಗಿಸುತ್ತಿದ್ದಾರೆ. ಹೀಗೆಂದರೆ ಹೊರಗಿನವರು ನಗುತ್ತಾರೆ, ನಗಲಿ. ಮುಳಬಾಗಿಲಿನ ಹೊರಗೆ, ಶ್ರೀನಿವಾಸಪುರದ ಕಡೆ ಹೋಗುವ ರಸ್ತೆಯಲ್ಲಿರುವ ಕದಿರಪ್ಪನವರ ಚಾಕಿ ಕೇಂದ್ರದಲ್ಲಿ ನಾನು ಹನ್ನೊಂದು ವರ್ಷದಿಂದ ಕೆಲಸಕ್ಕಿದ್ದೇನೆ. ಮೊಟ್ಟೆಯೊಡೆದ ರೇಷ್ಮೆ ಹುಳುವಿಗೆ ಎಳೆ ಸೊಪ್ಪು ಹೆಚ್ಚಿ ಹಾಕಿ, ಎರಡನೇ ಜ್ವರಕ್ಕೆ ಕೂರುವವರೆಗೆ ಸಾಕಿ, ಆಮೇಲೆ ರೈತರ ಮನೆಗೆ ಕಳಿಸುವುದು ನಮ್ಮ ಕೆಲಸ. ಜ್ವರವೆಂದರೆ ಕಾಯಿಲೆಯಲ್ಲ. ಹುಳು ತಿನ್ನುವುದು ಬಿಟ್ಟು, ತಲೆಯೆತ್ತಿ, ಕೂತಲ್ಲೇ ಕೂತು ಹಳೆಯ ಚರ್ಮ ಕಳಚುವ ಒಂದು ದಿನಕ್ಕೆ ನಮ್ಮ ಕಡೆ ಆ ಹೆಸರು. ಆ ದಿನ ಅದನ್ನು ಅಲುಗಾಡಿಸಬಾರದು, ಬಿಸಿಲು ತಾಕಿಸಬಾರದು, ಬೀಡಿ ಹೊಗೆಯಾಗಲಿ ಅತ್ತರಾಗಲಿ ಸೋಕಿಸಬಾರದು. ಊರಿಂದೂರಿಗೆ ಸಾಗಿಸಬೇಕಾದದ್ದೂ ಅದೇ ದಿನ. ಈ ನಿಯಮ ಮಾಡಿದವರು ಯಾರೋ ನನಗೆ ಗೊತ್ತಿಲ್ಲ, ವ್ಯಾನು ಓಡಿಸುವವರಂತೂ ಅಲ್ಲ.

ಲಿಯಾಖತ್ ಭಾಯಿಯ ತಂದೆ ಮುಳಬಾಗಿಲಿನಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಮನೆಮನೆಗೆ ಸ್ಟೀಲು ಬಂತು, ಕಲಾಯಿ ಹೋಯಿತು. ಮಗ ಲಾರಿ ಕ್ಲೀನರಾಗಿ, ಡ್ರೈವರಾಗಿ, ನಲವತ್ತರ ಹತ್ತಿರ ಒಂದು ಹಳೆಯ ವ್ಯಾನು ಕೊಂಡು ಹುಳು ಸಾಗಿಸುವುದಕ್ಕೆ ನಿಂತರು. ನಿಂತ ದಿನವೇ ಬೀಡಿ ಬಿಟ್ಟರು. ಹಬ್ಬದ ದಿನ ಲೋಡು ಬಿದ್ದರೆ ಅತ್ತರು ಹಚ್ಚದೆ ನಮಾಜು ಮುಗಿಸಿ ಬರುತ್ತಿದ್ದರು. ಅವರ ಹೆಂಡತಿ ಅಸ್ಗರಿ ನನಗೊಮ್ಮೆ ಹೇಳಿದ್ದರು: "ಮದ್ವೆ ಆದಾಗಿಂದ ಬಿಡಿ ಬಿಡಿ ಅಂತ ಬೇಡ್ಕೊಂಡೆ, ಬಿಡ್ಲಿಲ್ಲ. ಹುಳ ಒಂದು ಮಾತೂ ಆಡ್ಲಿಲ್ಲ ನೋಡಮ್ಮ, ಬಿಟ್ರು." ಹೇಳುವಾಗ ಅವರ ಮುಖದಲ್ಲಿ ನಗುವೇನೂ ಇರಲಿಲ್ಲ.

ವ್ಯಾನಿನ ವಿಷಯ ಹೇಳಬೇಕು. ಮೊಂಡು ಮೂತಿಯ ಡೀಸೆಲ್ ವ್ಯಾನು. ಇಂಜಿನ್ನು ಡ್ರೈವರ್ ಸೀಟಿನ ಪಕ್ಕದಲ್ಲೇ, ಒಂದು ತಗಡಿನ ಮುಚ್ಚಳದ ಕೆಳಗೆ ಕೂತಿರುತ್ತಿತ್ತು. ಅದರ ಮೇಲೆ ಲಿಯಾಖತ್ ಭಾಯಿ ಬುತ್ತಿ ಇಡುತ್ತಿದ್ದರು, ಮಧ್ಯಾಹ್ನದವರೆಗೂ ಬಿಸಿಯಾಗಿರುತ್ತಿತ್ತು. ಅದರಿಂದ ನಿಜವಾಗಿ ಆಗುತ್ತಿದ್ದ ಉಪಯೋಗ ಅದೊಂದೇ. ಸಿಲಿಂಡರಿನ ಬೋರು ಸವೆದು, ಎರಡು ಸಲ ಬಿಚ್ಚಿ ಕೂರಿಸಿ, ಮೂರನೆಯ ಸಲ ಬಿಚ್ಚಿದರೆ ಕೂರಿಸಲು ಏನೂ ಉಳಿದಿರುವುದಿಲ್ಲ ಎಂಬ ಸ್ಥಿತಿಗೆ ಬಂದಿತ್ತು. ಸಮತಟ್ಟು ರಸ್ತೆಯಲ್ಲಿ ಹೇಗೋ ಓಡುತ್ತಿತ್ತು. ಏರು ಬಂದರೆ ಮೊದಲನೇ ಗೇರು, ಕರಿ ಹೊಗೆ, ಆಮೇಲೆ ದೇವರ ದಯೆ.

ಗೌನಿಪಲ್ಲಿ ಕಡೆಯ ನಮ್ಮ ದಾರಿಯಲ್ಲಿ ಒಂದು ಕೆರೆ ಕಟ್ಟೆ ಇದೆ, ಅದಕ್ಕೊಂದು ಉದ್ದನೆಯ ಏರು. ಅಲ್ಲಿ ವ್ಯಾನು ನಿಂತರೆ ಮತ್ತೆ ಹತ್ತುವುದಿಲ್ಲ ಎಂಬುದು ಆ ಊರಿನ ಮಕ್ಕಳಿಗೂ ಗೊತ್ತು. ಆದ್ದರಿಂದ ಯಾರೂ ವ್ಯಾನು ನಿಲ್ಲಿಸುತ್ತಿರಲಿಲ್ಲ, ಜೊತೆಗೆ ನಡೆಯುತ್ತಿದ್ದರು. ಏರಿನ ಬುಡದಲ್ಲಿ ಸದ್ದು ಕೇಳಿದರೆ ಮನೆಯಿಂದ ಹೊರಟರೂ ಸಾಕು, ಅರ್ಧ ಏರಿಗೆ ಬಂದು ಸೇರಿಕೊಳ್ಳಬಹುದಿತ್ತು. ಕಿಟಕಿಯಲ್ಲಿ ಮಾತ್ರೆ ಚೀಟಿ ಕೊಡುವುದು, ಮುಂದಿನ ಊರಿನ ಮಗಳಿಗೆ ಸೊಪ್ಪಿನ ಕಟ್ಟು ಕೊಡುವುದು, ಸಂಬಂಧದ ಮಾತು, ಸಾವಿನ ಸುದ್ದಿ ಎಲ್ಲವೂ ನಡೆನಡೆಯುತ್ತಲೇ ಮುಗಿಯುತ್ತಿತ್ತು. ಅಕ್ಕಯಮ್ಮ ಎಂಬ ಅಜ್ಜಿಯೊಬ್ಬರು ಮಾತ್ರ ನಡೆಯಲಾರದೆ ಏರಿನ ತುದಿಯಲ್ಲಿ, ರಸ್ತೆಯ ನಟ್ಟನಡುವೆ ಕೈಯೆತ್ತಿ ನಿಲ್ಲುತ್ತಿದ್ದರು. ವ್ಯಾನು ಹತ್ತಿರ ಬರುವಷ್ಟರಲ್ಲಿ ಪಕ್ಕಕ್ಕೆ ಸರಿದು ಕಿಟಕಿಗೆ ಕೈ ಚಾಚಲು ಅವರಿಗೆ ಬೇಕಾದಷ್ಟು ಸಮಯವಿತ್ತು.

ಈ ದಾರಿಯಲ್ಲಿ ಒಂಬತ್ತು ಮನೆ. ಬೆಳಗ್ಗೆ ಐದಕ್ಕೆ ಹೊರಟರೆ ಕೊನೆಯ ಮನೆ ಮುನಿಗಂಗಮ್ಮನದು, ತಲುಪುವಾಗ ಒಂಬತ್ತು ದಾಟುತ್ತಿತ್ತು. ಮುನಿಗಂಗಮ್ಮ ಗಟ್ಟಿ ಹೆಂಗಸು. ಗಂಡ ಮಾವಿನ ತೋಟ ನೋಡಿಕೊಂಡರೆ ಹುಳು ಮನೆ ಪೂರ್ತಿ ಆಕೆಯದೇ. ಆಕೆಯ ಬೆಳೆ ಎರಡು ಸಲ ಒಂದರ ಹಿಂದೊಂದು ಕೆಟ್ಟಿತು. ಪೂರ್ತಿ ಸತ್ತದ್ದಲ್ಲ, ಹಿಂದುಮುಂದಾದದ್ದು. ಅರ್ಧ ಹುಳು ಹಣ್ಣಾಗಿ ಗೂಡು ಕಟ್ಟಲು ಒದ್ದಾಡುತ್ತಿದ್ದರೆ ಇನ್ನರ್ಧ ಇನ್ನೂ ಸೊಪ್ಪು ತಿನ್ನುತ್ತಾ ಕೂತಿತ್ತು. ಮುನಿಗಂಗಮ್ಮ ಫೋನು ಮಾಡಿ ಕದಿರಪ್ಪನವರನ್ನು ದೂರಿದಳು. ಕದಿರಪ್ಪನವರು ವ್ಯಾನನ್ನು ದೂರಿದರು. ಲಿಯಾಖತ್ ಭಾಯಿ ಇಂಜಿನ್ನನ್ನು ದೂರಿದರು. ಇಂಜಿನ್ನು ಯಾರನ್ನೂ ದೂರಲಿಲ್ಲ.

"ಭಾಯಿ, ಹುಳ ದಾರೀಲೇ ಜ್ವರ ಬಿಟ್ಟು ಏಳ್ತೈತೆ. ಬಿಸ್ಲು ಬೇರೆ. ಎಂಟು ಗಂಟೆ ಒಳ್ಗೆ ಕೊನೇ ಮನೆ ಮುಟ್ಟಿಸ್ಬೇಕು," ಎಂದರು ಕದಿರಪ್ಪನವರು. "ಆಗಲ್ಲ ಅಂದ್ರೆ ಅನಿಲ್‌ಕುಮಾರ್ ಹೊಸ ಪಿಕಪ್ ತಂದವ್ನೆ, ಕೇಳ್ತಾನೇ ಅವ್ನೆ."

ಅನಿಲ್‌ಕುಮಾರ್ ಕೇಳುತ್ತಿದ್ದದ್ದು ನಿಜ. ಟೊಮೇಟೊ ಸಾಗಿಸುವ ಹುಡುಗ, ಪಿಕಪ್ಪಿನ ಗಾಜಿನ ತುಂಬ ಸ್ಟಿಕರು. ಲಿಯಾಖತ್ ಭಾಯಿಗೆ ಅರವತ್ತು ದಾಟಿದೆ. ಈ ದಾರಿ ಹೋದರೆ ಅವರಿಗೆ ಇನ್ನೊಂದು ದಾರಿ ಕೊಡುವವರು ಯಾರೂ ಇರಲಿಲ್ಲ, ಅದು ಅವರಿಗೂ ಗೊತ್ತಿತ್ತು. "ಎರಡು ವಾರ ಟೈಮ್ ಕೊಡಿ ಕದಿರಪ್ಪನೋರೇ," ಎಂದಷ್ಟೇ ಹೇಳಿದರು.

ಕೋಲಾರದಲ್ಲಿ ಗ್ಯಾರೇಜು ಇಟ್ಟಿರುವ ನಯೀಮ್ ಅವರ ತಂಗಿಯ ಮಗ. ಹೆದ್ದಾರಿಯಲ್ಲಿ ಮಗುಚಿದ ಯಾವುದೋ ಹೊಸ ಗಾಡಿಯ ಇಂಜಿನ್ನು ಮಾಲೂರಿನ ಗುಜರಿಯಲ್ಲಿ ಸಿಕ್ಕಿತು. ಗಾಡಿ ಜಜ್ಜಿಹೋಗಿತ್ತು, ಇಂಜಿನ್ನಿಗೆ ಒಂದು ಗೀರೂ ಇರಲಿಲ್ಲ. ನಯೀಮ್ ಹಳೆಯದನ್ನು ಇಳಿಸಿ, ಚಾಸಿಯ ಮೇಲಿನ ಹಿಡಿಕೆಗಳನ್ನು ಕತ್ತರಿಸಿ, ಹೊಸದಾಗಿ ವೆಲ್ಡಿಂಗ್ ಮಾಡಿ, ಅದನ್ನು ಅದರ ಗೇರ್ ಬಾಕ್ಸಿನ ಸಮೇತ ಕೂರಿಸಿದ. ನಾಲ್ಕು ಗೇರಿನ ವ್ಯಾನಿಗೆ ಐದು ಗೇರು ಬಂತು. ರೇಡಿಯೇಟರು ದೊಡ್ಡದಾಯಿತು. ಆರ್‌ಟಿಒ ಕಚೇರಿಯಲ್ಲಿ ಹೊಸ ಇಂಜಿನ್ ನಂಬರು ಬರೆಸಲು ಎಷ್ಟು ದಿನ ಓಡಾಡಿದರು ಎಂಬುದನ್ನು ಬರೆಯಲು ಕೂತರೆ ಅದೇ ಬೇರೆ ಪುಸ್ತಕವಾಗುತ್ತದೆ. ಸ್ಪೀಡೋಮೀಟರಿನ ಕೇಬಲ್ಲು ಮಾತ್ರ ಹೊಸ ಗೇರ್ ಬಾಕ್ಸಿಗೆ ಕೂರಲಿಲ್ಲ. ಹಾಗಾಗಿ ವ್ಯಾನು ಎಷ್ಟೇ ಜೋರಾಗಿ ಓಡಿದರೂ ಮುಳ್ಳು ಸೊನ್ನೆಯನ್ನೇ ತೋರಿಸುತ್ತಿತ್ತು.

"ಮಾಮೂ, ಇಂಜಿನ್ ಹೊಸ ಕಾಲದ್ದು, ಬ್ರೇಕು ನಿಮ್ಮ ಕಾಲದ್ದು," ಎಂದನಂತೆ ನಯೀಮ್. "ಅದ್ನೂ ಬದ್ಲಾಯಿಸ್ಬಿಡೋಣ. ಇನ್ನ ನಾಕು ದಿನ ಬಿಟ್ಟಿರಿ ಗಾಡೀನ."

"ಸಂಕ್ರಾಂತಿ ಕಳೀಲಿ. ಇಷ್ಟು ವರ್ಷ ಬ್ರೇಕ್ ಹಾಕೋ ಅವಶ್ಯಕತೇನೇ ಬಿದ್ದಿಲ್ಲ ಕಣೋ," ಎಂದರಂತೆ ಲಿಯಾಖತ್ ಭಾಯಿ. ಹೆಮ್ಮೆಯಿಂದ ಹೇಳಿದರೋ ಬೇಸರದಿಂದಲೋ ನಯೀಮನಿಗೆ ಗೊತ್ತಾಗಲಿಲ್ಲ.

ಮೊದಲ ಬುಧವಾರ ಕದಿರಪ್ಪನವರು ನನ್ನನ್ನೂ ವ್ಯಾನು ಹತ್ತಿಸಿದರು. ಯಾವ ಮನೆಗೆ ಎಷ್ಟು ಗಂಟೆಗೆ ಮುಟ್ಟಿತು ಎಂದು ಬರೆದುಕೊಂಡು ಬರಬೇಕು. ಟ್ರೇಗಳನ್ನು ಸ್ಟ್ಯಾಂಡಿಗೆ ಜೋಡಿಸಿ, ಹಗ್ಗ ಬಿಗಿದು, ಒದ್ದೆ ಗೋಣಿ ಇಳಿಬಿಟ್ಟು ಹೊರಟೆವು. ನನಗೆ ಆ ವ್ಯಾನು ಗೊತ್ತು. ಅವತ್ತು ನಾನು ಕೂತದ್ದು ಬೇರೆ ಯಾವುದೋ ವ್ಯಾನಿನಲ್ಲಿ. ಸದ್ದಿಲ್ಲ, ಹೊಗೆಯಿಲ್ಲ. ಬಾಗಿಲು ಮಾತ್ರ ಮೊದಲಿನಂತೆಯೇ ಗಡಗಡ ಅನ್ನುತ್ತಿತ್ತು, ಹಿಂದೆ ಅದು ಇಂಜಿನ್ನಿನ ಗದ್ದಲದಲ್ಲಿ ಕೇಳಿಸುತ್ತಿರಲಿಲ್ಲ. ಲಿಯಾಖತ್ ಭಾಯಿ ಕಾಲು ಮೆಲ್ಲಗೆ ಒತ್ತಿದರೂ ವ್ಯಾನು ಮುಂದಕ್ಕೆ ನೆಗೆಯುತ್ತಿತ್ತು. ಕಾಲು ತೆಗೆದರೂ ಓಡುತ್ತಿತ್ತು. ಹಳೆಯದು ಕಾಲು ತೆಗೆದ ಕೂಡಲೇ ಮುಷ್ಕರ ಹೂಡುತ್ತಿತ್ತು. "ಇದು ಕೇಳೋಕ್ ಮುಂಚೇನೇ ಕೊಡ್ತೈತಮ್ಮ," ಎಂದರು ಅವರು, ಸ್ವಲ್ಪ ಅನುಮಾನದಿಂದ.

ಕೆರೆ ಕಟ್ಟೆಯ ಏರನ್ನು ಮೂರನೇ ಗೇರಿನಲ್ಲಿ ಹತ್ತಿತು. ನನ್ನ ಮಾತು ನಂಬದಿದ್ದರೆ ನಾನೇನೂ ಮಾಡಲಾರೆ. ತುದಿಗೆ ಬಂದ ಮೇಲೆ ಲಿಯಾಖತ್ ಭಾಯಿ ಕನ್ನಡಿಯಲ್ಲಿ ಹಿಂದಕ್ಕೆ ನೋಡಿದರು. ಸೊಪ್ಪಿನ ಕಟ್ಟು ಹಿಡಿದ ಒಬ್ಬ ಹೆಂಗಸು ಏರಿನ ಬುಡದಲ್ಲಿ ಓಡಿ ಬರುತ್ತಿದ್ದಳು. ನಿಲ್ಲಿಸಲೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ನಾವು ಮುಂದಿನ ಊರಿನಲ್ಲಿದ್ದೆವು. ಅವತ್ತು ದಾರಿಯುದ್ದಕ್ಕೂ, ಸದ್ದು ಕೇಳಿ ಒಲೆ ಹಚ್ಚುತ್ತಿದ್ದ ಮನೆಗಳಿಗೆ ಈಗ ಸದ್ದೇ ಕೇಳಿಸಲಿಲ್ಲ. ಬಾಗಿಲು ಬಡಿದು ಎಬ್ಬಿಸಬೇಕಾಯಿತು. ಒಂಬತ್ತು ಮನೆಗಳಲ್ಲಿ ಒಂದು ಲೋಟ ಟೀ ಹುಟ್ಟಲಿಲ್ಲ. ಮುನಿಗಂಗಮ್ಮನ ಮನೆಗೆ ಏಳೂ ಹತ್ತಕ್ಕೆ ಮುಟ್ಟಿದೆವು, ಆಕೆ ಹಲ್ಲುಜ್ಜುತ್ತಿದ್ದಳು. ಕದಿರಪ್ಪನವರು ನನ್ನ ಚೀಟಿ ನೋಡಿ, ಒಂಬತ್ತೂ ಹತ್ತನ್ನು ತಪ್ಪಿ ಏಳು ಎಂದು ಬರೆದೆಯಾ ಎಂದು ಕೇಳಿದರು.

ನಾವು ತಪ್ಪಿದ್ದು ಅಲ್ಲೇ. ನಾವೆಲ್ಲ ಇಂಜಿನ್ನಿನ ಗುಣಗಾನದಲ್ಲಿ ಮುಳುಗಿದೆವು. ಹದಿನೈದು ದಿನ ಮುಳಬಾಗಿಲಿನಲ್ಲಿ ವ್ಯಾನು ನೋಡಲು ಜನ ಬಂದರು. ಮುಚ್ಚಳ ತೆಗೆದು ತೋರಿಸಿ ತೋರಿಸಿ ಲಿಯಾಖತ್ ಭಾಯಿಯ ಕೈ ನೋಯುತ್ತಿತ್ತು. ನಡಿಗೆ ಕೂಡ ಸ್ವಲ್ಪ ಜೋರಾದಂತೆ ನನಗೆ ಕಂಡಿತು. ಬ್ರೇಕಿನ ಮಾತು ಅವರೂ ಎತ್ತಲಿಲ್ಲ, ನಾವೂ ಕೇಳಲಿಲ್ಲ.

ಸಂಕ್ರಾಂತಿಗೆ ಆರು ದಿನವಿತ್ತು. ಅವತ್ತೂ ನಾನು ವ್ಯಾನಿನಲ್ಲಿದ್ದೆ, ಮಂಜು ಕವಿದಿತ್ತು. ಎಂಟು ಮನೆ ಮುಗಿದು ಮುನಿಗಂಗಮ್ಮನ ಟ್ರೇಗಳು ಮಾತ್ರ ಉಳಿದಿದ್ದವು. ಕಟ್ಟೆಯ ಏರನ್ನು ವ್ಯಾನು ಅದೇ ಮೂರನೇ ಗೇರಿನಲ್ಲಿ ಹತ್ತಿ ತುದಿಗೆ ಬಂದಾಗ, ರಸ್ತೆಯ ನಟ್ಟನಡುವೆ ಅಕ್ಕಯಮ್ಮ ಕೈಯೆತ್ತಿ ನಿಂತಿದ್ದರು. ತಮಗೆ ಬೇಕಾದಷ್ಟು ಸಮಯವಿದೆ ಎಂದು ಅವರು ನಂಬಿದ್ದರು. ಲಿಯಾಖತ್ ಭಾಯಿ ಎದ್ದು ನಿಂತು ಬ್ರೇಕ್ ತುಳಿದರು. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ, ಸೀಟಿನಿಂದ ಎದ್ದೇ ನಿಂತರು. ವ್ಯಾನು ಎಡಕ್ಕೆ ಎಳೆದುಕೊಂಡು, ಜಾಲಿ ಗಿಡಕ್ಕೆ ಮೂತಿ ತಗುಲಿಸಿ, ಅಜ್ಜಿಯನ್ನು ದಾಟಿ ಒಂದು ಮಾರು ಮುಂದೆ ನಿಂತಿತು. ಹಿಂದಿನಿಂದ ಹಗ್ಗ ಕಿತ್ತ ಸದ್ದು, ಸ್ಟ್ಯಾಂಡು ವಾಲಿದ ಸದ್ದು ಕೇಳಿಸಿತು.

ಅಕ್ಕಯಮ್ಮ ಕಿಟಕಿಯ ಹತ್ತಿರ ಬಂದರು. ಒಂದು ಕೂದಲೂ ಕೊಂಕಿರಲಿಲ್ಲ. "ಏನ್ಲಾ ಲಿಯಾಖತ್ತು, ಮೈಮೇಲೆ ಏನಾದ್ರೂ ಬಂದೈತಾ ನಿಂಗೆ?" ಎಂದು ಬೈದು, ಕೈಯಲ್ಲಿದ್ದ ಅವರೆಕಾಯಿ ಚೀಲವನ್ನು ಕಿಟಕಿಯಲ್ಲಿ ತುರುಕಿದರು. "ಮುನಿಗಂಗಮ್ಮಂಗೆ ಕೊಡು. ಸೊಗಡು ಚೆನ್ನಾಗೈತೆ ಅನ್ನು." ಲಿಯಾಖತ್ ಭಾಯಿ ಸ್ಟೇರಿಂಗಿನಿಂದ ಕೈ ತೆಗೆಯಲಿಲ್ಲ. ಚೀಲ ನಾನೇ ಇಸಿದುಕೊಂಡೆ. ನನಗೆ ಭಾಯಿಯ ಮೇಲೆ ಸಿಟ್ಟು ಬಂದಿತ್ತು, ಅವರ ಮುಖ ನೋಡಿದ ಮೇಲೆ ಅದು ಹೋಯಿತು.

ಹಿಂದೆ ಹೋಗಿ ನೋಡಿದೆವು. ಟ್ರೇಗಳು ಮುಂದಕ್ಕೆ ಜಾರಿ, ಜ್ವರಕ್ಕೆ ಕೂತಿದ್ದ ಹುಳುಗಳು ಒಂದರ ಮೇಲೊಂದು ಮೂಲೆಗೆ ಬಿದ್ದಿದ್ದವು. ಜ್ವರಕ್ಕೆ ಕೂರುವ ಹುಳು ತನ್ನ ಕಾಲನ್ನು ಸಣ್ಣ ಎಳೆಯಿಂದ ಹಾಸಿಗೆಗೆ ಕಟ್ಟಿಕೊಳ್ಳುತ್ತದೆ. ಆ ಹಿಡಿತ ಇದ್ದರೆ ಚರ್ಮ ಕಳಚುವುದು ಸುಲಭ, ತಪ್ಪಿದರೆ ಕಷ್ಟ. ನಾವು ಬೆರಳು ತಾಕಿಸದೆ, ಟ್ರೇ ಮಾತ್ರ ನೇರ ಮಾಡಿ, ಮತ್ತೆ ಹಗ್ಗ ಬಿಗಿದೆವು. ಹಾಸಿಗೆ ಒಣಗಿರಲೆಂದು ಮೇಲೆ ಉದುರಿಸುವ ಸುಣ್ಣದ ಪುಡಿ ಸರಿ ಮಾಡಿದರೆ ನೋಡುವವರಿಗೆ ಏನೂ ತಿಳಿಯುತ್ತಿರಲಿಲ್ಲ. ನಾಲ್ಕು ದಿನ ಕಳೆದ ಮೇಲೆ ತಿಳಿಯುತ್ತಿತ್ತು, ಆಗ ಕಾರಣ ನೂರು ಇರುತ್ತಿತ್ತು.

"ಸುಮ್ನಿದ್ಬಿಡಿ ಭಾಯಿ. ಗೊತ್ತಾದ್ರೆ ಇವತ್ತೇ ದಾರಿ ಹೋಗತ್ತೆ," ಎಂದೆ ನಾನು. ಅವರ ಒಳ್ಳೆಯದಕ್ಕೇ ಹೇಳಿದೆ ಎಂದು ಆಗ ನನಗನ್ನಿಸಿತ್ತು.

ಅವರು ಹೋಗಿ ಸೀಟಿನಲ್ಲಿ ಕೂತರು. ಅಲ್ಲಿಂದ ಮುನಿಗಂಗಮ್ಮನ ಮನೆಯವರೆಗೆ ಎರಡನೇ ಗೇರಿನಲ್ಲಿ ಓಡಿಸಿದರು.

ಮುನಿಗಂಗಮ್ಮ ಹುಳು ಮನೆಯ ಬಾಗಿಲು ತೆಗೆದು ನಿಂತಿದ್ದಳು. "ಏಮಿ ಭಾಯಿ, ಇವತ್ತೂ ಬೇಗ ಬಂದ್ಬಿಟ್ರಲ್ಲ," ಎಂದಳು ಖುಷಿಯಿಂದ. ಲಿಯಾಖತ್ ಭಾಯಿ ಕೆಳಗಿಳಿದು, ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು.

"ಅಕ್ಕ, ಒಂದು ತಪ್ಪಾಗೋಯ್ತು. ಕಟ್ಟೆ ಮೇಲೆ ಜೋರಾಗಿ ಬ್ರೇಕ್ ಹಾಕ್ಬೇಕಾಯ್ತು. ನಿಮ್ಮ ಟ್ರೇ ಎಲ್ಲಾ ವಾಲ್ಬಿಡ್ತು, ಹುಳ ಕದಲ್ಬಿಟ್ಟೈತೆ. ಬ್ರೇಕ್ ಮಾಡಿಸು ಅಂತ ಹುಡ್ಗ ಹೇಳಿದ್ದ, ನಾನೇ ಮಾಡಿಸ್ಲಿಲ್ಲ. ಕದಿರಪ್ಪನೋರಿಗೆ ಫೋನ್ ಮಾಡಿ ಹೇಳಿ. ನಾನೂ ಹೇಳ್ತೀನಿ."

ಮುನಿಗಂಗಮ್ಮ ಒಂದು ಟ್ರೇ ಇಳಿಸಿಕೊಂಡು ಬೆಳಕಿಗೆ ಹಿಡಿದು ನೋಡಿದಳು. "ಹೇಳಿದ್ದು ಒಳ್ಳೇದಾಯ್ತು," ಎಂದಳು. "ಹಂಗಾದ್ರೆ ಸಾಯಂಕಾಲದವರ್ಗೂ ಸೊಪ್ಪು ಹಾಕಲ್ಲ. ಎಲ್ಲಾ ಎದ್ದ ಮೇಲೆ ಒಂದೇ ಸಲ ಹಾಕ್ತೀನಿ. ಬಂದ ತಕ್ಷಣ ಹಾಕಿದ್ರೆ ತಾನೇ ಮುಂದೆ ಎದ್ದಿದ್ದು ಮುಂದೆ, ಹಿಂದೆ ಎದ್ದಿದ್ದು ಹಿಂದೆ ಆಗೋದು."

ಹೇಳಿಬಿಡುತ್ತೇನೆ. ಆಕೆಯ ಬೆಳೆ ಎರಡು ಸಲ ಹಿಂದುಮುಂದಾದದ್ದಕ್ಕೆ ಕಾರಣ ನನಗೆ ಮೊದಲಿನಿಂದಲೂ ಗೊತ್ತಿತ್ತು. ಎಂಟು ಮನೆಗೆ ಹಂಚಿದ ಮೇಲೆ ಕೊನೆಯ ಮನೆಗೆ ಟ್ರೇ ಕಡಿಮೆ ಬೀಳುತ್ತಿತ್ತು. ಆ ಕೊರತೆಗೆ, ಅರ್ಧ ದಿನ ತಡವಾಗಿ ಮೊಟ್ಟೆಯೊಡೆದು ಚಾಕಿಗೆ ಬಂದ ಹುಳುವಿನ ನಾಲ್ಕೈದು ಟ್ರೇ ಸೇರಿಸಿಬಿಡು ಎಂದು ಕದಿರಪ್ಪನವರು ಹೇಳುತ್ತಿದ್ದರು. ಸೇರಿಸುತ್ತಿದ್ದವಳು ನಾನು. ಎರಡು ವಯಸ್ಸಿನ ಹುಳು ಒಂದೇ ಸಲ ಏಳುವುದಿಲ್ಲ, ಒಂದೇ ಸಲ ಹಣ್ಣಾಗುವುದೂ ಇಲ್ಲ. ವ್ಯಾನು ಹೆಲಿಕಾಪ್ಟರಾದರೂ ಅದು ಬದಲಾಗುವುದಿಲ್ಲ. ಕದಿರಪ್ಪನವರು ವ್ಯಾನನ್ನು ದೂರಿದಾಗ ನಾನು ಪಕ್ಕದಲ್ಲೇ ಸೊಪ್ಪು ಹೆಚ್ಚುತ್ತಾ ಇದ್ದೆ. ಕತ್ತಿ ಸಹ ನಿಲ್ಲಿಸಲಿಲ್ಲ.

"ಅಕ್ಕ," ಎಂದೆ. "ಕೆಳಗಿನ ಸಾಲಲ್ಲಿರೋ ಐದು ಟ್ರೇ ಬೇರೆ ಇಡಿ. ಅದು ತಡ ಆದ ಚಾಕೀದು. ನಾಳೆ ಬೆಳಗ್ಗೆ ಏಳೋದು."

"ಯಾವಾಗ್ಲೂ ಹಿಂಗೇ ಕಳಿಸ್ತಿದ್ರಾ?"

"ಯಾವಾಗ್ಲೂ ಅಲ್ಲ. ಕಮ್ಮಿ ಬಿದ್ದಾಗ."

ಆಕೆ ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಆಕೆ ಐದು ಟ್ರೇಗಳನ್ನು ತಾನೇ ಹೊತ್ತು ಬೇರೆ ಕೋಣೆಯಲ್ಲಿ ಇಟ್ಟು ಬಂದು, ಅವರೆಕಾಯಿ ಚೀಲ ತೆಗೆದುಕೊಂಡು, ನಮ್ಮಿಬ್ಬರಿಗೂ ಟೀ ಕೊಟ್ಟಳು. ನಾವು ಹೊರಡುವ ಮೊದಲೇ ಕದಿರಪ್ಪನವರಿಗೆ ಫೋನು ಮಾಡಿದಳು. ಒಳಗೆ ಹೋಗಿ ಮಾತಾಡಿದಳು, ಆದರೂ ಪೂರ್ತಿ ಕೇಳಿಸಿತು. ಆ ಕಡೆಯ ಹೆಂಗಸರಿಗೆ ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ.

ಕದಿರಪ್ಪನವರು ನಮ್ಮಿಬ್ಬರೊಡನೆ ಒಂದು ತಿಂಗಳು ಮಾತು ಬಿಟ್ಟರು. ಆ ತಿಂಗಳ ಲೋಡುಗಳು ಅನಿಲ್‌ಕುಮಾರನ ಪಿಕಪ್ಪಿನಲ್ಲಿ ಹೋದವು. ಲಿಯಾಖತ್ ಭಾಯಿ ಆ ದಿನಗಳಲ್ಲಿ ಕೋಲಾರಕ್ಕೆ ಹೋಗಿ ಬ್ರೇಕು ಬದಲಾಯಿಸಿಕೊಂಡು ಬಂದು, ಮನೆಯ ಮುಂದೆ ವ್ಯಾನು ನಿಲ್ಲಿಸಿ ಒರೆಸುತ್ತಿದ್ದರು. ಮಧ್ಯೆ ಮುನಿಗಂಗಮ್ಮನ ಗೂಡಾಯಿತು. ಕದಲಿದ ಹುಳುವಿನಲ್ಲಿ ಸ್ವಲ್ಪ ಸತ್ತದ್ದು ಸತ್ತಿತು. ಉಳಿದದ್ದೆಲ್ಲ ಒಂದೇ ಸಮ ಹಣ್ಣಾಗಿ, ಎರಡು ವರ್ಷದಲ್ಲಿ ಆಕೆಗೆ ಬಂದ ಎಲ್ಲಕ್ಕಿಂತ ಒಳ್ಳೆಯ ಬೆಳೆ ಅದಾಯಿತು. ಸುದ್ದಿ ಉಳಿದ ಎಂಟು ಮನೆಗೂ ಮುಟ್ಟಿತು. ಅವರೆಲ್ಲ ಕದಿರಪ್ಪನವರಿಗೆ ಫೋನು ಮಾಡಿ ಒಂದೇ ಮಾತು ಕೇಳಿದರಂತೆ: ಟ್ರೇ ಯಾವ ದಿನದ್ದು ಎಂದು ಹೇಳುವವರು ಬರಲಿ.

ಮುಂದಿನ ಬುಧವಾರ ಲಿಯಾಖತ್ ಭಾಯಿಗೆ ಕರೆ ಹೋಯಿತು. ಟ್ರೇ ಜೋಡಿಸುವಾಗ ಕದಿರಪ್ಪನವರೇ ಬಂದು ನಿಂತು, ಯಾರ ಮುಖವನ್ನೂ ನೋಡದೆ, "ಆ ಮೂರು ಟ್ರೇ ತಡ ಆದ ಚಾಕೀದು. ಹೇಳ್ಬಿಡು ಆವಮ್ಮಂಗೆ," ಎಂದರು ನನಗೆ.

"ನೀವೇ ಹೇಳಿ ಅಣ್ಣ," ಎಂದೆ. ಅವರು ಫೋನು ತೆಗೆದು ಹೇಳಿದರು.

ದಾರಿಯಲ್ಲಿ ವ್ಯಾನು ಸದ್ದಿಲ್ಲದೆ, ನಿಧಾನವಾಗಿ ಓಡುತ್ತಿತ್ತು. ಲಿಯಾಖತ್ ಭಾಯಿ ಹೊಸ ಬ್ರೇಕನ್ನು ಆಗಾಗ ಸುಮ್ಮನೆ ಒತ್ತಿ ನೋಡುತ್ತಿದ್ದರು. ಆರನೇ ಮನೆ ಕಳೆದ ಮೇಲೆ ಕೇಳಿದರು.

"ರಂಜಿತಮ್ಮ, ಆ ಟ್ರೇ ವಿಷ್ಯ ನಿಂಗೆ ಎಷ್ಟು ದಿನದಿಂದ ಗೊತ್ತಿತ್ತು?"

"ಎರಡು ವರ್ಷ ಆಯ್ತು ಭಾಯಿ."

ಅವರು ತಲೆಯಾಡಿಸಿದರು. ಸಿಟ್ಟಾಗಲಿಲ್ಲ. ರಸ್ತೆಯನ್ನೇ ನೋಡುತ್ತಾ ಗೇರು ಬದಲಾಯಿಸಿದರು.

"ಹಂಗಾದ್ರೆ ಹಳೇ ಇಂಜಿನ್ದು ತಪ್ಪೇನಿರ್ಲಿಲ್ಲ."

"ಇರ್ಲಿಲ್ಲ ಭಾಯಿ."

"ಗುಜರಿಗೆ ಹಾಕ್ಬಿಟ್ನಲ್ಲಮ್ಮ ಅದನ್ನ," ಎಂದರು.

ಅಷ್ಟೇ ಅಂದದ್ದು. ಏಳನೇ ಮನೆ ಬರುವವರೆಗೂ ನಾನು ಕಿಟಕಿಯ ಕಡೆ ಮುಖ ಮಾಡಿ ಅತ್ತೆ.